ಸಹಾಯ ಬೇಕು: ಸ್ಟಾಪ್ ಬಟನ್‌ಗೆ ಲ್ಯಾಡರ್‌ನಲ್ಲಿ (ಪಿಎಲ್‌ಸಿ ಪ್ರೋಗ್ರಾಮಲ್ಲಿ) ಎನ್‌ಒ (ನಾರ್ಮಲಿ ಓಪನ್) ಹಾಕೋದಾ ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಹಾಕೋದಾ?

ಎಲ್ರಿಗೂ ನಮಸ್ಕಾರ. ಕಾಲೇಜಲ್ಲಿ ಇಂಡಸ್ಟ್ರಿಯಲ್ ಆಟೊಮೇಷನ್ ಓದ್ತಿದೀನಿ, ಪಿಎಲ್‌ಸಿ (ಮೆಷಿನ್‌ಗಳನ್ನ ನಡೆಸೋ ಚಿಕ್ಕ ಕಂಪ್ಯೂಟರ್) ಲ್ಯಾಬಲ್ಲಿ ಮೋಟರ್ ಸ್ಟಾರ್ಟ್-ಸ್ಟಾಪ್ ಪ್ರೋಗ್ರಾಂ ಹತ್ರನೇ ಎರಡು ವಾರದಿಂದ ಸಿಕ್ಕಾಕೊಂಡಿದೀನಿ, ಇಷ್ಟು ಚಿಕ್ಕ ವಿಷಯ ಕೇಳೋಕೆ ನಾಚಿಕೆನೂ ಆಗ್ತಿದೆ.

ನೋಟ್ಸಲ್ಲಿ ಇರೋ ಹಾಗೇ ಸ್ಟಾರ್ಟ್‌ಗೆ ಎನ್‌ಒ ಕಾಂಟ್ಯಾಕ್ಟ್ (ಇನ್‌ಪುಟ್ ಆನ್ ಆದಾಗ ಸೇರೋದು), ಅದಕ್ಕೆ ಪ್ಯಾರಲಲ್ ಆಗಿ ಔಟ್‌ಪುಟ್‌ದೇ ಕಾಂಟ್ಯಾಕ್ಟ್ (ಸ್ಟಾರ್ಟ್ ಬಿಟ್ರೂ ಓಡ್ತಾ ಇರಲಿ ಅಂತ), ಸೀರೀಸಲ್ಲಿ ಸ್ಟಾಪ್‌ಗೆ ಎನ್‌ಸಿ (ಇನ್‌ಪುಟ್ ಆಫ್ ಇದ್ದಾಗ ಸೇರಿರೋದು) ಹಾಕ್ದೆ, ಸಿಮ್ಯುಲೇಟರಲ್ಲಿ ಚೆನ್ನಾಗಿ ಓಡ್ತು. ಅದನ್ನೇ ಲ್ಯಾಬಲ್ಲಿರೋ ನಿಜವಾದ ಪಿಎಲ್‌ಸಿ ಕಿಟ್‌ಗೆ ಡೌನ್‌ಲೋಡ್ ಮಾಡಿದ್ರೆ ಸ್ಟಾರ್ಟ್ ಒತ್ತಿದ್ರೂ ಸುಮ್ನೆ ಕೂತಿರುತ್ತೆ. ತಮಾಷೆ ಅಂದ್ರೆ ಸ್ಟಾಪ್ ಒತ್ತಿ ಹಿಡ್ಕೊಂಡು ಸ್ಟಾರ್ಟ್ ಒತ್ತಿದ್ರೆ ಮೋಟರ್ ತಿರುಗುತ್ತೆ, ಸ್ಟಾಪ್ ಬಿಟ್ಟ ತಕ್ಷಣ ನಿಲ್ಲುತ್ತೆ!

ವೈರಿಂಗ್ ಬಿಚ್ಚಿ ಮತ್ತೆ ಹಾಕಿದೆ, 24 ವೋಲ್ಟ್ ಬರ್ತಿದೆ, ಅಡ್ರೆಸ್ಸೂ ಸರಿ ಇದೆ. ಕೊನೆಗೆ ಗಮನಕ್ಕೆ ಬಂದಿದ್ದು, ಸ್ಟಾಪ್ ಮುಟ್ಟದೇ ಇದ್ರೂ ಅದರ ಇನ್‌ಪುಟ್ ಎಲ್‌ಇಡಿ ಉರೀತಿದೆ, ಒತ್ತಿದ್ರೆ ಆರುತ್ತೆ, ಅಂದ್ರೆ ಬಟನ್ನೇ ಎನ್‌ಸಿ. ಪ್ರೋಗ್ರಾಮಲ್ಲಿ ಸ್ಟಾಪ್‌ನ ಎನ್‌ಒ ಮಾಡ್ದೆ, ಕಿಟ್ ಸರಿಹೋಯ್ತು, ಈಗ ಸಿಮ್ಯುಲೇಟರಲ್ಲಿ ಸ್ಟಾರ್ಟೇ ಆಗ್ತಿಲ್ಲ. ಫ್ರೆಂಡ್ ಒಬ್ಬ ಬಟನ್ನೇ ಎನ್‌ಒಗೆ ಬದಲಾಯಿಸು ಅಂತಾನೆ, ಆದ್ರೆ ಓಡ್ತಿರುವಾಗ ಸ್ಟಾಪ್ ವೈರ್ ಕಿತ್ತು ನೋಡಿದೆ, ಮೋಟರ್ ತಾನಾಗೇ ನಿಂತ್ಕೊಳ್ತು, ಇದಕ್ಕೇ ಬೇಕಂತಲೇ ಎನ್‌ಸಿ ಬಟನ್ ಇಟ್ಟಿರ್ತಾರೆ ಅನ್ಸುತ್ತೆ.

ಫ್ಯಾಕ್ಟರಿಲಿ ಕೆಲಸ ಮಾಡೋರು ದಯವಿಟ್ಟು ಹೇಳಿ: ಬಟನ್ ಎನ್‌ಸಿ ಇಟ್ಟು ಲ್ಯಾಡರಲ್ಲಿ ಎನ್‌ಒ ಹಾಕೋದೇ ಸರಿಯಾದ ಪದ್ಧತಿನಾ? ಹಾಗಿದ್ರೆ ಪ್ರಾಕ್ಟಿಕಲ್ ಎಕ್ಸಾಮಲ್ಲಿ ನೋಟ್ಸ್ ಥರ ಬರೀಲಾ, ಕಿಟ್ ಥರ ಬರೀಲಾ?