ಅವ್ವನ ರಿಪೋರ್ಟ್ ಎಲ್ಲ ನಾರ್ಮಲ್. ಹಾಗಿದ್ದರೆ ಕಾಯಿಲೆ ಎಲ್ಲಿದೆ?

ಸೇಡಂ ತಾಲೂಕಿನವನು
ನಮ್ಮ ಅವ್ವನಿಗೆ 48 ವರ್ಷ. ಅವಳು ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೇ ಮನೆ ಏಳುತ್ತಿತ್ತು. ಮೂರು ತಿಂಗಳಿಂದ ಆ ಸಪ್ಪಳವಿಲ್ಲ. ಮೊನ್ನೆ ಹಿಟ್ಟು ನಾದಿ ಒಲೆಯ ಮುಂದೆ ಕುಳಿತವಳು, ಹಿಟ್ಟು ಒಣಗಿ ಬಿರುಕು ಬಿಟ್ಟರೂ ಕೈ ಚಾಚಲಿಲ್ಲ. ನಸುಕಿನ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಊಟ ಸೇರುವುದಿಲ್ಲ. ಕೇಳಿದರೆ "ತಲೆ ಉರಿ, ಕೈಕಾಲಿನಲ್ಲಿ ಶಕ್ತಿ ಇಲ್ಲ" ಎನ್ನುತ್ತಾಳೆ. ಊರಲ್ಲಿ ನಾಲ್ಕು ಸಲ ಸಲೈನ್ ಹಾಕಿಸಿದೆವು, ತಾಯಿತ ಕಟ್ಟಿಸಿದೆವು. ಕಲಬುರಗಿಯಲ್ಲಿ ರಕ್ತ, ಇಸಿಜಿ, ಸ್ಕ್ಯಾನ್ ಎಲ್ಲ ನಾರ್ಮಲ್. ಕೊನೆಗೆ ಮನೋವೈದ್ಯರು ಅರ್ಧ ಗಂಟೆ ಮಾತನಾಡಿಸಿ, ಖಿನ್ನತೆ ಎಂದು ಎಸ್ಸಿಟಾಲೋಪ್ರಾಮ್ ಎಂಬ ಮಾತ್ರೆ ಬರೆದರು. ಎಂಟು ದಿನವಾಯಿತು, ಹೊಟ್ಟೆ ತೊಳಸುತ್ತಿದೆಯೇ ಹೊರತು ಗುಣ ಕಾಣುತ್ತಿಲ್ಲ. ಯಂತ್ರಕ್ಕೆ ಕಾಣದ್ದು ಬರೀ ಮಾತಿನಲ್ಲಿ ಹೇಗೆ ಗೊತ್ತಾಯಿತು? ಮನೆಯಲ್ಲಿ ಸಾವಿಲ್ಲ, ಸಾಲವಿಲ್ಲ. ಮಾತ್ರೆ ಚಟವಾಗುತ್ತದೆ ಎಂದು ಮಾವ ಹೆದರಿಸುತ್ತಿದ್ದಾನೆ. ನಿಲ್ಲಿಸಲೇ?

ಶಹಾಪುರದ ರೈತ
ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಇತ್ತೇ, ನೋಡಿ. ನನ್ನ ತಂಗಿಗೆ ಹೀಗೆಯೇ ಆಗಿತ್ತು, ಅವಳದು ಥೈರಾಯ್ಡ್ ಎಂದು ತಿಳಿಯಲು ಒಂದು ವರ್ಷ ಹೋಯಿತು.

ಭಾಲ್ಕಿ ಟೀಚರ್
ದಯವಿಟ್ಟು ನಿಲ್ಲಿಸಬೇಡಿ. ನಾಲ್ಕು ವರ್ಷದ ಹಿಂದೆ ನಿಮ್ಮ ಅವ್ವನ ಜಾಗದಲ್ಲಿ ನಾನಿದ್ದೆ. ಹಾಜರಿ ಕೂಗುತ್ತಿದ್ದೆ, ಮಕ್ಕಳು ಓಗೊಡುತ್ತಿದ್ದರು, ಯಾರಿಗೆ ಗುರುತು ಹಾಕಿದೆ ಎಂಬುದೇ ನೆನಪಿರುತ್ತಿರಲಿಲ್ಲ. ದುಃಖ ಎಂಬ ಮಾತು ನನ್ನ ಬಾಯಿಗೂ ಬರಲಿಲ್ಲ. ಎದೆ ಭಾರ, ಸೊಂಟ ನೋವು ಎಂದೇ ಹೇಳಿಕೊಂಡು ತಿರುಗಿದೆ. ನಮ್ಮ ಕಡೆ ಎಷ್ಟೋ ಹೆಂಗಸರ ಖಿನ್ನತೆ ಮೈನೋವಿನ ಹೆಸರಿನಲ್ಲೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತದೆ.

ರಕ್ತ ಪರೀಕ್ಷೆ ಮಾಡಿಸುವುದು ಖಿನ್ನತೆಯನ್ನು ಹುಡುಕಲು ಅಲ್ಲ. ಅದರ ವೇಷದಲ್ಲಿ ಬರುವ ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಗಳು ಇಲ್ಲವೆಂದು ಖಚಿತ ಮಾಡಿಕೊಳ್ಳಲು. ಖಿನ್ನತೆಯನ್ನು ಕೇಳಿಯೇ ತಿಳಿಯಬೇಕು. ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ಇರಲೇಬೇಕು. ಇದರ ಜೊತೆಗೆ ನಿದ್ದೆ, ಹಸಿವು, ಆಯಾಸ, ತಾನು ಯಾರಿಗೂ ಬೇಡವಾದವಳು ಎಂಬ ಭಾವ, ಸಾವಿನ ಯೋಚನೆ ಇತ್ಯಾದಿ. ಒಟ್ಟು ಒಂಬತ್ತು ಲಕ್ಷಣಗಳಲ್ಲಿ ಐದು, ಎರಡು ವಾರ ಹೆಚ್ಚುಕಡಿಮೆ ದಿನವೂ ಕಾಡಿ ದಿನದ ಕೆಲಸವನ್ನೇ ಕೆಡಿಸಿದ್ದರೆ ವೈದ್ಯರು ಈ ಹೆಸರು ಕೊಡುತ್ತಾರೆ. ನಿಮ್ಮ ಬರಹದಲ್ಲೇ ನನಗೆ ನಾಲ್ಕು ಕಂಡವು. ಹಿಂದೆ ಎಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದೆಯೂ ವಿಪರೀತ ಹುರುಪಿನಲ್ಲಿ ಇದ್ದೆಯಾ ಎಂದೂ ನನ್ನನ್ನು ಕೇಳಿದ್ದರು. ಇದ್ದರೆ ಅದು ಬೈಪೋಲಾರ್, ಅಂದರೆ ಕುಗ್ಗುವುದೂ ವಿಪರೀತ ಹುರುಪೂ ಸರದಿಯಲ್ಲಿ ಬರುವ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆಯೇ ಬೇರೆ.

ಸಾವು, ಸಾಲ ಆಗಿಯೇ ಬರಬೇಕೆಂದಿಲ್ಲ. ನನ್ನ ಅಜ್ಜಿಗೂ ಇತ್ತು, ಆಗ ಅದನ್ನು ಗಾಳಿ ಎಂದರು. ವಂಶದ ಪಾಲಿದೆ, ಮುಟ್ಟು ನಿಲ್ಲುವ ವಯಸ್ಸಿನ ಪಾಲಿದೆ, ವರ್ಷಗಟ್ಟಲೆ ನುಂಗಿಕೊಂಡದ್ದರ ಪಾಲೂ ಇದೆ.

ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ನನಗೆ ಐದನೆಯ ವಾರ, ಪಕ್ಕದ ಮನೆಯವರು ತೊಗರಿ ಬೇಳೆಗೆ ಒಗ್ಗರಣೆ ಹಾಕಿದಾಗ ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಹಸಿವಾಯಿತು. ತಟ್ಟೆ ಹಿಡಿದು ಅತ್ತೆ. ಚಟ ಹಿಡಿಸುವುದು ಆತಂಕ ತಗ್ಗಿಸಲು ಕೊಡುವ ಅಲ್ಪ್ರಜೋಲಾಂನಂಥ ಮಾತ್ರೆ, ಇದಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಬರಬಹುದು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು. ನಾನು ಮೂರನೆಯ ತಿಂಗಳಿಗೇ ಬಿಟ್ಟೆ, ಮಳೆಗಾಲದಲ್ಲಿ ಅದು ಮರಳಿ ಬಂತು. ಎರಡನೆಯ ಸಲ ಮಾತ್ರೆಯ ಜೊತೆ ಆಪ್ತಸಮಾಲೋಚನೆಗೂ ಹೋದೆ.

ಚಿತ್ತಾಪುರದ ಆಶಾ ಕಾರ್ಯಕರ್ತೆ
ಒಂದು ಮಾತು ನೇರವಾಗಿ ಕೇಳಿ: "ಅವ್ವಾ, ಸಾಯಬೇಕು ಅನಿಸುತ್ತದೆಯೇ?" ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ತೊಗರಿಗೆ ಹೊಡೆಯುವ ಔಷಧದ ಡಬ್ಬಿ ಮನೆಯಲ್ಲಿದ್ದರೆ ಇಂದೇ ಕೀಲಿ ಹಾಕಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಸೇಡಂ ತಾಲೂಕಿನವನು
ಥೈರಾಯ್ಡ್ ನೋಡಿದ್ದಾರೆ, ಸರಿಯಿದೆ. ನಿನ್ನೆ ರಾತ್ರಿ ಅವ್ವನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಬೆಳಗಾಗುವುದೇ ಬೇಡ ಅನಿಸುತ್ತದೆ" ಎಂದಳು. ಅಲ್ಲೇ ಕುಳಿತು 14416ಕ್ಕೆ ಕರೆ ಮಾಡಿದೆ. ಅವ್ವನೂ ಮಾತನಾಡಿದಳು, ಇದನ್ನು ತಡಮಾಡದೆ ವೈದ್ಯರಿಗೆ ತಿಳಿಸಿ ಎಂದರು. ಡಬ್ಬಿಗೆ ಕೀಲಿ ಹಾಕಿದ್ದೇನೆ, ಕೀಲಿ ನನ್ನ ಬಳಿ ಇದೆ. ಈಗ ಮೊದಲ ಬಸ್ಸಿನಲ್ಲಿ ಕಲಬುರಗಿಗೆ ಹೊರಟಿದ್ದೇವೆ. ಮಾವನೂ ಜೊತೆಗೆ ಬಂದಿದ್ದಾನೆ.