ಕೊನೆಗೌಡನ ಕೂಲಿ ಯಾವ ಖಾತೆಗೆ?

ಗುಂಪು: ಎಸ್ಸೆಸ್ಸೆಲ್ಸಿ 92, ಹಿಂದಿನ ಬೆಂಚು

ಮೇಷ್ಟ್ರು, ರಿಪ್ಪನ್‌ಪೇಟೆ: *ಹಲವು ಬಾರಿ ಫಾರ್ವರ್ಡ್ ಆಗಿದೆ* ದಾನ ಕೊಡುವ ಮುನ್ನ ಯೋಚಿಸಿ!! ಯುನಿಸೆಫ್ ಮುಖ್ಯಸ್ಥರಿಗೆ ವರ್ಷಕ್ಕೆ 12 ಲಕ್ಷ ಡಾಲರ್ ಸಂಬಳ, ಜೊತೆಗೆ ರೋಲ್ಸ್ ರಾಯ್ಸ್ ಕಾರು. ಅಮೆರಿಕದ ಗುಡ್‌ವಿಲ್ ಸಂಸ್ಥೆಯ ಮಾಲೀಕನಿಗೆ 23 ಲಕ್ಷ ಡಾಲರ್ ಲಾಭ. ಸಾಲ್ವೇಶನ್ ಆರ್ಮಿ ಎಂಬ ದಾನಸಂಸ್ಥೆಯ ಕಮಿಷನರ್‌ಗೆ ಬರೀ 13 ಸಾವಿರ ಡಾಲರ್. ನಿಮ್ಮ ದುಡ್ಡು ಯಾರ ಹೊಟ್ಟೆಗೆ? ಕನಿಷ್ಠ 10 ಜನಕ್ಕೆ ಕಳಿಸಿ.

ಮೇಷ್ಟ್ರು, ರಿಪ್ಪನ್‌ಪೇಟೆ: ನಮ್ಮ ಬ್ಯಾಚಿನ ದುಡ್ಡು ಯಾವ ಟ್ರಸ್ಟಿಗೆ ಅಂತ ತೀರ್ಮಾನ ಮಾಡೋಕೆ ಮುಂಚೆ ಎಲ್ಲರೂ ಇದನ್ನ ಓದಿ. ಆಡಳಿತ ವೆಚ್ಚ 10% ದಾಟಿದವರಿಗೆ ಒಂದು ಪೈಸೆನೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಎಡಿಸನ್, ನ್ಯೂಜೆರ್ಸಿ: ಮೇಷ್ಟ್ರೇ, ಇದು ವಾಟ್ಸಾಪ್ ಹುಟ್ಟೋಕೆ ಮುಂಚಿನ ಸರಕು. ಇಮೇಲಲ್ಲಿ ಓಡಾಡ್ತಿತ್ತು. ಗುಡ್‌ವಿಲ್‌ಗೆ ಮಾಲೀಕ ಅಂತಾನೇ ಇಲ್ಲ, ಅದು ಲಾಭರಹಿತ ಸಂಸ್ಥೆ. ಮೂಲ ಇಂಗ್ಲಿಷ್ ಮೆಸೇಜಲ್ಲಿ ಮಾಲೀಕನ ಹೆಸರೂ ಇತ್ತು, ಅಂಥ ಮನುಷ್ಯ ಅಲ್ಲಿ ಯಾವತ್ತೂ ಇರ್ಲಿಲ್ಲ. ರೋಲ್ಸ್ ರಾಯ್ಸ್ ಶುದ್ಧ ಬುರುಡೆ. ಯುನಿಸೆಫ್ ಮುಖ್ಯಸ್ಥರ ಸಂಬಳ ವಿಶ್ವಸಂಸ್ಥೆಯ ವೇತನ ಶ್ರೇಣಿ ಪ್ರಕಾರ. ಅಮೆರಿಕದಲ್ಲಿ ಯುನಿಸೆಫ್‌ಗೆ ಚಂದಾ ಎತ್ತೋದು ಬೇರೆಯೇ ಒಂದು ಸಂಸ್ಥೆ. ಆ 13 ಸಾವಿರದ ಕಮಿಷನರ್ 2006ರಲ್ಲೇ ನಿವೃತ್ತರು. ಅವರಿಗೆ ಮನೆ ಬೇರೆ ಕೊಡ್ತಿದ್ರು, ಕನ್ನಡಕ್ಕೆ ತಂದವರು ಅದನ್ನ ನುಂಗಿದ್ದಾರೆ.

ಮೇಷ್ಟ್ರು, ರಿಪ್ಪನ್‌ಪೇಟೆ: ಆಯ್ತು, ಕಾರು ಸುಳ್ಳು. ಆದ್ರೆ ಪ್ರಶ್ನೆ ಸುಳ್ಳಲ್ಲ ಅಲ್ವಾ? ನಾನು ಕೊಟ್ಟ 500 ರೂಪಾಯಲ್ಲಿ ಎಷ್ಟು ಮಗುವಿಗೆ, ಎಷ್ಟು ಎಸಿ ರೂಮಿಗೆ?

ತೋಟ, ತೀರ್ಥಹಳ್ಳಿ: ಮಾರಾಯ, ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಲೆಕ್ಕ ಹೇಳ್ತೀನಿ ಕೇಳು. 100 ಲೀಟರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ದು, ಕತ್ತಿ ಅದ್ದಿ ನೋಡ್ಬೇಕು. ಅಲುಗು ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ ಅಂತ. ಇಷ್ಟೂ ಮಾಡಿದ್ಮೇಲೆ ಮರ ಹತ್ತಿ ಅಡಿಕೆ ಕೊನೆಗೆ ಔಷಧಿ ಹೊಡೆಯೋನು ಕೊನೆಗೌಡ. ಈಗ ನಿನ್ನ ಫಾರ್ವರ್ಡ್ ಪ್ರಕಾರ ಮೈಲುತುತ್ತ ‘ಕಾರ್ಯಕ್ರಮ’, ಕೊನೆಗೌಡನ ಕೂಲಿ ‘ಆಡಳಿತ ವೆಚ್ಚ’, ಕತ್ತಿ ಅದ್ದಿ ನೋಡೋದು ‘ದುಂದು’. ಔಷಧಿ ಡ್ರಮ್ಮಲ್ಲೇ ಇರ್ಲಿ, ಕೊಳೆ ಕೊನೆಗೆ ಬರ್ಲಿ. ಓವರ್‌ಹೆಡ್, ಅಂದ್ರೆ ಆಡಳಿತ ವೆಚ್ಚ, ಸೊನ್ನೆ!

ಅಡ್ಮಿನ್: 😂😂

ಮೇಷ್ಟ್ರು, ರಿಪ್ಪನ್‌ಪೇಟೆ: ಕೊನೆಗೌಡ ದಿನಗೂಲಿಯವ್ನು. ನಾನು ಕೇಳ್ತಿರೋದು ತೋಟಕ್ಕೇ ಬಾರದೆ ಸಂಬಳ ತಗೊಳ್ಳೋ ಮ್ಯಾನೇಜರ್ ಬಗ್ಗೆ.

ಡಾಕ್ಟ್ರು, ಹೊಸನಗರ: ಮಂಗನ ಕಾಯಿಲೆ ಕೆಲಸವನ್ನೇ ತಗೊಳ್ಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದದ್ದು, ಇವತ್ತಿಗೂ ಬೇಸಗೆ ಬಂತಂದ್ರೆ ಭಯ. ಉಣ್ಣೆ ಕಚ್ಚದ ಹಾಗೆ ಡೇಪಾ ತೈಲ ಹಂಚ್ತಾರೆ. ಒಂದು ಸಂಸ್ಥೆ ಬಾಟಲಿ ಕೊಂಡು ಹಂಚಿದ್ರೆ ಅದು ಪೂರ್ತಿ ಕಾರ್ಯಕ್ರಮದ ಖರ್ಚು. ಆದ್ರೆ ಸೊಪ್ಪು, ದರಗಿಗೆ ಕಾಡಿಗೆ ಹೋಗೋ ಮುಂಚೆ ಕೈಕಾಲಿಗೆ ಹಚ್ಚಬೇಕು, ಬಂದ ಕೂಡಲೇ ಬಿಸಿನೀರು ಸೋಪಲ್ಲಿ ಮೈ ತೊಳೆದು ಬಟ್ಟೆ ಬದಲಿಸಬೇಕು, ಸತ್ತ ಮಂಗ ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು ಅಂತ ಮನೆ ಮನೆಗೆ ಹೋಗಿ ಹೇಳೋಳಿಗೆ ಸಂಬಳ ಬೇಕು, ಸ್ಕೂಟಿಗೆ ಪೆಟ್ರೋಲು ಬೇಕು. ಲೆಕ್ಕದಲ್ಲಿ ಅದು ‘ಸಿಬ್ಬಂದಿ’ ಮತ್ತು ‘ವಾಹನ’. ಅವಳನ್ನ ಕಡಿತ ಮಾಡಿದ್ರೆ ಬಾಟಲಿ ಅಟ್ಟ ಸೇರತ್ತೆ. ಶೇಕಡಾವಾರು ಮಾತ್ರ ಚಂದ ಕಾಣತ್ತೆ.

ಆಡಿಟರ್, ಸಾಗರ: ಆ ಶೇಕಡಾವಾರು ಎಷ್ಟು ಬಗ್ಗತ್ತೆ ಅಂತ ಒಂದು ಲೆಕ್ಕ ಹಾಕೋಣ, ಎಲ್ಲ ಕಾಲ್ಪನಿಕ ಅಂಕಿ. ಟ್ರಸ್ಟ್ ಒಂದಕ್ಕೆ ನಗದು ದೇಣಿಗೆ 10 ಲಕ್ಷ. ಅದರಲ್ಲಿ 6 ಲಕ್ಷ ಆಫೀಸು, ಸಂಬಳ, ಚಂದಾ ಎತ್ತೋ ಖರ್ಚು. ಅಂದ್ರೆ 60%. ಈಗ ಯಾರೋ ಅವಧಿ ಮುಗಿಯೋಕೆ ಬಂದ ಔಷಧಿ ಲೋಡು ದಾನ ಕೊಟ್ರು. ಎಂಆರ್‌ಪಿ ಲೆಕ್ಕದಲ್ಲಿ 90 ಲಕ್ಷ ಅಂತ ಆದಾಯಕ್ಕೆ ಬರ್ಕೊ, ಹಂಚಿದ್ವಿ ಅಂತ ಖರ್ಚಿಗೂ 90 ಲಕ್ಷ ಬರಿ. ಒಟ್ಟು 1 ಕೋಟಿ, ಆಡಳಿತ 6 ಲಕ್ಷ. 6%! ನಗದಿನ ಒಂದು ರೂಪಾಯೂ ಕದಲಿಲ್ಲ. ಮೇಷ್ಟ್ರ 10% ಪರೀಕ್ಷೆ ಫಸ್ಟ್ ಕ್ಲಾಸಲ್ಲಿ ಪಾಸು.

ಎಡಿಸನ್, ನ್ಯೂಜೆರ್ಸಿ: ಇದು ಕಾಲ್ಪನಿಕ ಅಲ್ಲ ಸ್ವಾಮಿ. 2015ರ ಮೇಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಲ್ಲ 50 ರಾಜ್ಯಗಳ ಜೊತೆ ಸೇರಿ ನಾಲ್ಕು ಕ್ಯಾನ್ಸರ್ ಚಾರಿಟಿ ಮೇಲೆ ಕೇಸು ಹಾಕ್ತು. ಕ್ಯಾನ್ಸರ್ ಫಂಡ್ ಆಫ್ ಅಮೆರಿಕ ಮತ್ತು ಅದರ ಮೂರು ದಾಯಾದಿಗಳು. 2008ರಿಂದ 2012ರೊಳಗೆ ಎತ್ತಿದ್ದು 18.7 ಕೋಟಿ ಡಾಲರ್. ದೂರಿನ ಪ್ರಕಾರ ಆ ದುಡ್ಡು ಕಾರು, ಪ್ರವಾಸ, ಹಡಗಿನ ವಿಹಾರ, ಜಿಮ್ಮು, ಡೇಟಿಂಗ್ ಸೈಟಿನ ಚಂದಾಕ್ಕೂ ಹೋಗಿತ್ತು. ಕಾಗದದ ಮೇಲೆ ದಕ್ಷವಾಗಿ ಕಾಣೋಕೆ ಏನು ಮಾಡಿದ್ರು? ಆಡಿಟರ್ ಹೇಳಿದ್ದೇ. 22.3 ಕೋಟಿ ಡಾಲರಿನ ವಸ್ತುರೂಪದ ದಾನವನ್ನ ವಿದೇಶಕ್ಕೆ ಹಂಚಿದ್ವಿ ಅಂತ ಸುಳ್ಳು ಲೆಕ್ಕ. ಕಳ್ಳನಿಗೆ ಶೇಕಡಾವಾರು ಸರಿಮಾಡೋದು ಕಷ್ಟವೇ ಅಲ್ಲ. ಒದ್ದಾಡೋನು ನೆಟ್ಟಗೆ ಬರೆಯೋನು.

ತೋಟ, ತೀರ್ಥಹಳ್ಳಿ: 2019ರ ನೆರೆ ಟೈಮಲ್ಲಿ ಬಂದ ಹಳೆ ಬಟ್ಟೆ ಮೂಟೆಗೂ ಯಾರಾದ್ರೂ ಎಂಆರ್‌ಪಿ ಹಾಕಿದ್ರೆ ದೇವರೇ ಗತಿ.

ವಿನೋಬನಗರ: ಶುಭೋದಯ ಗೆಳೆಯರೇ 🌹🌹 (ಈಗ ನೋಡ್ದೆ, ಚರ್ಚೆ ಮುಂದುವರಿಸಿ)

ಮೇಷ್ಟ್ರು, ರಿಪ್ಪನ್‌ಪೇಟೆ: ಹಾಗಾದ್ರೆ ಸರ್ಕಾರ ಯಾಕೆ ಮಿತಿ ಹಾಕಿದೆ? ವಿದೇಶಿ ದೇಣಿಗೆಗೆ 20% ಅಂತ ಕಾನೂನೇ ಇದೆಯಲ್ಲ.

ಆಡಿಟರ್, ಸಾಗರ: ಇದೆ. ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎ 2010ರಲ್ಲಿ ಬಂದಾಗ 50% ಇತ್ತು, 2020ರ ತಿದ್ದುಪಡಿಯಲ್ಲಿ 20%. ದಾಟ್ಬೇಕಂದ್ರೆ ಕೇಂದ್ರದ ಪೂರ್ವಾನುಮತಿ ಬೇಕು. ಆದ್ರೆ ಆಡಳಿತ ವೆಚ್ಚ ಅಂದ್ರೆ ಏನು ಅಂತ ನಿಯಮದಲ್ಲಿ ಓದಿ: ಆಡಳಿತ ಮಂಡಳಿಯ ಸಂಬಳ ಪ್ರಯಾಣ, ಬಾಡಿಗೆ, ಕರೆಂಟು, ಫೋನು, ವಾಹನ, ಲೆಕ್ಕಪತ್ರ, ವಕೀಲರ ಫೀಸು, ವರದಿ ಬರೆಯೋ ಖರ್ಚು. ಆಸ್ಪತ್ರೆ ಡಾಕ್ಟರ್ ಸಂಬಳ, ಶಾಲೆ ಮೇಷ್ಟ್ರ ಸಂಬಳ ಇದರಲ್ಲಿ ಬರಲ್ಲ. ಹಾಗಾಗಿ ಒಂದೇ ಸ್ಕೂಟಿ, ಒಂದೇ ಸಂಬಳ, ಒಂದು ಸಂಸ್ಥೆಯಲ್ಲಿ ಆ ಕಡೆ, ಇನ್ನೊಂದರಲ್ಲಿ ಈ ಕಡೆ ಕೂರತ್ತೆ. ಇನ್ನು ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ದುಡ್ಡು, ಅದರ 5% ಮಿತಿ ಅಂತ ಹೇಳ್ತಾರಲ್ಲ, ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ಮಾಡೋ ಖರ್ಚಿಗೆ. ಯೋಜನೆ ರೂಪಿಸೋದು, ಜಾರಿ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರ ಆದ ಖರ್ಚು ಅದರ ಹೊರಗೆ. ಇದನ್ನ ತಪ್ಪು ಓದ್ಕೊಂಡು ಸಣ್ಣ ಟ್ರಸ್ಟುಗಳಿಗೆ ‘5%ಗಿಂತ ಜಾಸ್ತಿ ಕೇಳಬೇಡಿ’ ಅನ್ನೋ ಅಧಿಕಾರಿಗಳಿಗೆ ಬರವಿಲ್ಲ.

ಡಾಕ್ಟ್ರು, ಹೊಸನಗರ: ಆಗ ಟ್ರಸ್ಟಿನೋರು ಏನು ಮಾಡ್ತಾರೆ? ಅಕೌಂಟೆಂಟನ್ನ ಅರ್ಧ ದಿನಕ್ಕೆ ಇಳಿಸ್ತಾರೆ, ಕಂಪ್ಯೂಟರ್ ರಿಪೇರಿ ಮುಂದೂಡ್ತಾರೆ, ಬಾಕಿ ಖರ್ಚನ್ನ ‘ಕಾರ್ಯಕ್ರಮ’ ಅಂತ ಬರೀತಾರೆ. ದಾನಿ ಮುಂದಿನ ವರ್ಷ ಆ ಕಡಿಮೆ ಅಂಕಿಯನ್ನೇ ಮಾಮೂಲು ಅಂದ್ಕೊಂಡು ಇನ್ನೂ ಇಳಿಸಿ ಅಂತಾರೆ. 2009ರಲ್ಲೇ ಇದಕ್ಕೆ ‘ಉಪವಾಸದ ಚಕ್ರ’ ಅನ್ನೋ ಅರ್ಥದ ಹೆಸರು ಇಟ್ಟಿದ್ದಾರೆ ಅಮೆರಿಕದಲ್ಲಿ. ಕಣ್ಣಿನ ಶಿಬಿರದಲ್ಲಿ ಇದರ ಪರಿಣಾಮ ಕಣ್ಣಿಗೇ ಬೀಳತ್ತೆ. ಆಪರೇಷನ್ ಮಾಡೋದು ಸಲೀಸು. ಮಾರನೇ ದಿನ, ವಾರಕ್ಕೆ, ತಿಂಗಳಿಗೆ ಅಜ್ಜಿಯನ್ನ ಮತ್ತೆ ಕರೆಸಿ ನೋಡ್ಬೇಕು, ಕೆಂಪು, ನೋವು, ಮಂಜು ಇದ್ರೆ ಅವತ್ತೇ ವಾಹನ ಕಳಿಸ್ಬೇಕು, ಉಪಕರಣ ಶುದ್ಧ ಮಾಡೋ ಆಟೋಕ್ಲೇವ್ ಯಂತ್ರದ ದಾಖಲೆ ಇಡ್ಬೇಕು. ಫೋನ್ ಮಾಡೋ ಸಂಯೋಜಕಿಯ ಸಂಬಳ ‘ಆಡಳಿತ’. ಅವಳಿಲ್ಲದ ಶಿಬಿರದ ಓವರ್‌ಹೆಡ್ ಕಡಿಮೆ, ಸೋಂಕು ಆದ್ರೆ ಗೊತ್ತಾಗೋದು ಕಣ್ಣು ಹೋದ್ಮೇಲೆ.

ಮೇಷ್ಟ್ರು, ರಿಪ್ಪನ್‌ಪೇಟೆ: ಒಪ್ಪಿದೆ. ಆದ್ರೆ ನೀವೆಲ್ಲ ಒಂದನ್ನ ಮುಟ್ತಾನೇ ಇಲ್ಲ. ಮಾಲ್ ಮುಂದೆ ನಿಂತು ತಿಂಗಳಿಗೆ 800 ಕಟ್ ಮಾಡ್ಕೊಳ್ಳಿ ಅಂತ ಸಹಿ ಹಾಕಿಸ್ಕೊಳ್ಳೋ ಹುಡುಗರು, ಫೋನಲ್ಲಿ ಅಳೋ ಹುಡುಗಿಯರು. ಅವರು ಏಜೆನ್ಸಿಯೋರು. ಮೊದಲ ಹಲವು ತಿಂಗಳ ಕಂತು ಏಜೆನ್ಸಿ ಫೀಸಿಗೇ ಸರಿ. ಇದೂ ಕೊನೆಗೌಡನ ಕೂಲಿಯಾ?

ಎಡಿಸನ್, ನ್ಯೂಜೆರ್ಸಿ: ಇಲ್ಲ, ಇಲ್ಲಿ ಮೇಷ್ಟ್ರು ಸರಿ. ಆಡಳಿತ ಖರ್ಚು ಬೇರೆ, ಚಂದಾ ಎತ್ತೋ ಖರ್ಚು ಬೇರೆ, ಎರಡನ್ನೂ ಒಂದೇ ಬುಟ್ಟಿಗೆ ಹಾಕ್ಬಾರ್ದು. ಅಮೆರಿಕದಲ್ಲಿ ಒಂದು ಊರು, ಎರಡು ರಾಜ್ಯ ಚಂದಾ ಎತ್ತೋ ಖರ್ಚಿಗೆ, ಏಜೆನ್ಸಿ ಫೀಸಿಗೆ ಶೇಕಡಾ ಮಿತಿ ಹಾಕೋಕೆ ಹೋದ್ವು. ಸುಪ್ರೀಂ ಕೋರ್ಟ್ 1980, 1984, 1988, ಮೂರು ಸಲ ಹೊಡೆದು ಹಾಕ್ತು, ವಾಕ್ ಸ್ವಾತಂತ್ರ್ಯದ ನೆಲೆಯಲ್ಲಿ. ಹಾಗಾಗಿ ನೋಡೋ ಕೆಲಸ ದಾನಿಯದ್ದೇ. ಚಾರಿಟಿಗಳನ್ನ ಅಳೆಯೋ ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಇಟ್ಟ ಅಳತೆ: ಕಾರ್ಯಕ್ರಮಕ್ಕೆ ಕನಿಷ್ಠ 65%, ಚಂದಾ ಎತ್ತೋಕೆ ಬಂದ ದೇಣಿಗೆಯ 35% ಮೀರಬಾರದು. ಅದೇ ಸಂಸ್ಥೆ 2013ರಲ್ಲಿ ಅಂಥದ್ದೇ ಕೆಲಸದ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಜೊತೆ ಸೇರಿ ‘ಓವರ್‌ಹೆಡ್ ಒಂದರ ಮೇಲೇ ಅಳೀಬೇಡಿ’ ಅಂತ ದಾನಿಗಳಿಗೆ ಬಹಿರಂಗ ಪತ್ರ ಬರೀತು. ಎರಡೂ ಒಟ್ಟಿಗೆ ನಿಲ್ಲತ್ತೆ. 12% ಮತ್ತು 22% ನಡುವೆ ಜಗಳ ವ್ಯರ್ಥ. ವರ್ಷಾನುಗಟ್ಟಲೆ 75% ಚಂದಾ ಎತ್ತೋಕೇ ಹೋಗ್ತಿದ್ರೆ ಓಡು.

ಎಡಿಸನ್, ನ್ಯೂಜೆರ್ಸಿ: ಮತ್ತೆ ಸೊನ್ನೆ ಕಂಡ್ರೂ ಅನುಮಾನ ಪಡು. ಅಮೆರಿಕದ ಚಾರಿಟಿಗಳು 2000ನೇ ಇಸವಿಗೆ ಕೊಟ್ಟ ತೆರಿಗೆ ರಿಟರ್ನ್‌ಗಳನ್ನ ಜಾಲಾಡಿದ ಒಂದು ಅಧ್ಯಯನದಲ್ಲಿ, 50 ಸಾವಿರ ಡಾಲರಿಗೂ ಹೆಚ್ಚು ದೇಣಿಗೆ ಪಡೆದ ಸಂಸ್ಥೆಗಳಲ್ಲಿ 37% ‘ಚಂದಾ ಎತ್ತೋಕೆ ಖರ್ಚೇ ಆಗಿಲ್ಲ’ ಅಂತ ಬರೆದಿದ್ವು. ದುಡ್ಡು ಮಳೆ ಜೊತೆ ಬಿತ್ತಾ?

ತೋಟ, ತೀರ್ಥಹಳ್ಳಿ: ಆಗುಂಬೆಯಲ್ಲಾದ್ರೂ ಬೀಳ್ಬೇಕಿತ್ತು.

ಮೇಷ್ಟ್ರು, ರಿಪ್ಪನ್‌ಪೇಟೆ: ಸಂಬಳದ ವಿಷಯ? ಸೇವೆ ಅಂತ ಬಂದ್ಮೇಲೆ 50 ಲಕ್ಷ ತಗೊಳ್ಳೋದು ನನಗಂತೂ ನುಂಗಕ್ಕಾಗಲ್ಲ.

ಎಡಿಸನ್, ನ್ಯೂಜೆರ್ಸಿ: 300 ಕೋಟಿ ಡಾಲರ್ ವಹಿವಾಟಿನ ಸಂಸ್ಥೆಯ ಮುಖ್ಯಸ್ಥನಿಗೆ 7 ಲಕ್ಷ ಡಾಲರ್ ಅಂದ್ರೆ ಒಟ್ಟು ಖರ್ಚಿನ 0.02% ಚಿಲ್ಲರೆ. ಅದೇ 7 ಲಕ್ಷ 20 ಲಕ್ಷ ಡಾಲರಿನ ಸಂಸ್ಥೆಯಲ್ಲಿ ಆದ್ರೆ 35%. ಮೊತ್ತಕ್ಕಿಂತ ಮುಖ್ಯ, ಅದನ್ನ ನಿಗದಿ ಮಾಡಿದ್ದು ಯಾರು. ಇಲ್ಲಿ ಚಾರಿಟಿಗಳು ತೆರಿಗೆ ಇಲಾಖೆಗೆ ಕೊಡೋ ಫಾರಂ 990ರಲ್ಲಿ ಅಧಿಕಾರಿಗಳ ಸಂಬಳ ಹೆಸರು ಸಮೇತ ಬಹಿರಂಗ. ಸಂಬಳ ತಗೊಳ್ಳೋನು ಹೊರಗೆ ಕೂತು, ಸ್ವತಂತ್ರ ಸದಸ್ಯರು ಅದೇ ಗಾತ್ರದ ಸಂಸ್ಥೆಗಳ ಸಂಬಳ ಹೋಲಿಸಿ, ನಡಾವಳಿ ಬರೆದಿಟ್ರೆ ತೆರಿಗೆ ಇಲಾಖೆ ಅದನ್ನ ನ್ಯಾಯವಾದ ಸಂಬಳ ಅಂತ ಮೇಲ್ನೋಟಕ್ಕೆ ಒಪ್ಪತ್ತೆ. ಮೀರಿದ್ರೆ ಹೆಚ್ಚುವರಿ ಪಡೆದವನ ಮೇಲೇ 25% ದಂಡ ತೆರಿಗೆ, ವಾಪಸ್ ಕಟ್ಟದಿದ್ರೆ 200%.

ಆಡಿಟರ್, ಸಾಗರ: ನಮ್ಮಲ್ಲಿ ಸಮಸ್ಯೆ ತಿರುಗಾಮುರುಗಾ. ಸಂಬಳ ಕಾಲಂ ಸೊನ್ನೆ, ‘ಟ್ರಸ್ಟಿಗಳೆಲ್ಲ ಗೌರವ ಸೇವೆ’ ಅಂತ ಬ್ರೋಷರಲ್ಲಿ ದಪ್ಪ ಅಕ್ಷರ. ಬಾಡಿಗೆ ಷೆಡ್ಯೂಲ್ ತೆಗೆದ್ರೆ ಕಟ್ಟಡ ಅಧ್ಯಕ್ಷರ ಹೆಂಡತಿಯದ್ದು. ವಾಹನ ಬಾವನದ್ದು. ಪ್ರಿಂಟಿಂಗ್ ಮಗನ ಪ್ರೆಸ್ಸಲ್ಲಿ. ಸ್ಥಾಪಕರಿಗೆ, ನಂಟರಿಗೆ ಮಿತಿಮೀರಿ ಲಾಭ ಆದ್ರೆ ಆದಾಯ ತೆರಿಗೆ ವಿನಾಯ್ತಿಗೆ ಕುತ್ತು, ಅದಕ್ಕೇ ಸಂಬಳ ಅಂತ ತೋರ್ಸಲ್ಲ. ನನಗೆ ಕೇಳಿದ್ರೆ, ತಿಂಗಳಿಗೆ 60 ಸಾವಿರ ಅಂತ ನೆಟ್ಟಗೆ ಬರೆದು ಟಿಡಿಎಸ್ ಕಟ್ಟಿದ ಕಾರ್ಯದರ್ಶಿ ಮೇಲೆ ನಂಬಿಕೆ ಜಾಸ್ತಿ.

ಅಡ್ಮಿನ್: ಸರಿ, ಈಗ ಕಣ್ಣಿನ ಶಿಬಿರದ ಟ್ರಸ್ಟಿಗೆ ಏನು ಅಂತ ಬರೆಯೋದು? ಆಡಿಟರ್ ಹೇಳಿ, ನಾನು ಮೇಲ್ ಹಾಕ್ತೀನಿ.

ಆಡಿಟರ್, ಸಾಗರ: ಮೂರು ವರ್ಷದ ಆಡಿಟ್ ಆದ ಲೆಕ್ಕ ಕೇಳಿ, ಷೆಡ್ಯೂಲ್ ಸಮೇತ. ಬರೀ ಬ್ಯಾಲೆನ್ಸ್ ಶೀಟ್ ಕಳಿಸ್ತಾರೆ, ಒಪ್ಬೇಡಿ. ಸ್ವೀಕೃತಿ ಪಾವತಿ ಪಟ್ಟಿ ಮುಖ್ಯ, ವಸ್ತುರೂಪದ ದಾನ ಕಳೆದು ನಗದು ಎಷ್ಟು ಅಂತ ಅಲ್ಲಿ ಗೊತ್ತಾಗತ್ತೆ. ಆಡಳಿತ ಮಂಡಳಿಯಲ್ಲಿ ಯಾರು ಯಾರಿಗೆ ನಂಟರು, ಯಾರಿಗೆ ಏನು ಪಾವತಿ ಆಗಿದೆ. ಅತಿ ಹೆಚ್ಚು ಸಂಬಳ ಎಷ್ಟು, ಅತಿ ಕಡಿಮೆ ಎಷ್ಟು, ನಿಗದಿ ಮಾಡಿದ ಸಭೆಯ ನಡಾವಳಿ. ಬೇರೆ ಸಂಸ್ಥೆಗೆ ದಾಟಿಸಿದ ದುಡ್ಡು ಇದೆಯಾ? ಇದ್ರೆ ಅವರ ಲೆಕ್ಕನೂ ಬೇಕು, ಇಲ್ದಿದ್ರೆ ಎರಡನೇ ಮನೆಯ ಓವರ್‌ಹೆಡ್ ಕಾಣಲ್ಲ. ದಾನಕ್ಕೆ ಆದಾಯ ತೆರಿಗೆ ಕಡಿತ ಬೇಕಾದೋರು ನಗದು ಕೊಡ್ಬೇಡಿ, 2000 ದಾಟಿದ್ರೆ ಕಡಿತ ಸಿಗಲ್ಲ. ವರ್ಷ ಮುಗಿದ್ಮೇಲೆ ಟ್ರಸ್ಟಿಂದ ದೇಣಿಗೆ ಪ್ರಮಾಣಪತ್ರ ಬರ್ಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರೋರಿಗೆ ಹೇಗೂ ಇಲ್ಲ.

ಡಾಕ್ಟ್ರು, ಹೊಸನಗರ: ನನ್ನದೊಂದು ಸೇರಿಸಿ. ಒಟ್ಟು ಖರ್ಚನ್ನ, ಆಫೀಸು ಸೇರಿ, ಎಷ್ಟು ಆಪರೇಷನ್ನಿಗೆ ಭಾಗಿಸಿದ್ರೆ ಎಷ್ಟು? ಒಂದು ತಿಂಗಳ ನಂತರ ಎಷ್ಟು ಜನರನ್ನ ಮತ್ತೆ ನೋಡಿದ್ದಾರೆ? ಎಷ್ಟು ಜನರಿಗೆ ತೊಡಕಾಯ್ತು? ತೊಡಕು ಸೊನ್ನೆ ಅಂತ ಬರೆದ್ರೆ ನೋಡಿಲ್ಲ ಅಂತ ಅರ್ಥ.

ಮೇಷ್ಟ್ರು, ರಿಪ್ಪನ್‌ಪೇಟೆ: ಇಷ್ಟೆಲ್ಲ ಆದ್ರೂ ನಮ್ಮ ಬ್ಯಾಚಲ್ಲಿ ಅರ್ಧ ಜನ ‘ನನ್ನ ದುಡ್ಡು ಆಫೀಸ್ ಬಾಡಿಗೆಗೆ ಬೇಡ’ ಅಂತಾನೇ ಹೇಳ್ತಾರೆ. ನನ್ನನ್ನೂ ಸೇರಿಸಿ.

ಎಡಿಸನ್, ನ್ಯೂಜೆರ್ಸಿ: ಅದಕ್ಕೂ ಪ್ರಯೋಗ ಆಗಿದೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 40,000 ಜನಕ್ಕೆ ಪತ್ರ, ನಾಲ್ಕು ಗುಂಪು. ‘ಆಡಳಿತ ವೆಚ್ಚವನ್ನ ಒಬ್ಬ ದಾನಿ ಆಗಲೇ ಕೊಟ್ಟಿದ್ದಾರೆ, ನಿಮ್ಮದು ಪೂರ್ತಿ ಕೆಲಸಕ್ಕೆ’ ಅಂದ ಗುಂಪಲ್ಲಿ ಬರೀ ವಿನಂತಿಗಿಂತ ಸುಮಾರು ಮೂರು ಪಟ್ಟು ದುಡ್ಡು ಬಂತು. ‘ನೀವು ಕೊಟ್ಟಷ್ಟೇ ನಾವೂ ಹಾಕ್ತೀವಿ’ ಅಂದದ್ದಕ್ಕಿಂತಲೂ ಸುಮಾರು ಎರಡು ಪಟ್ಟು.

ತೋಟ, ತೀರ್ಥಹಳ್ಳಿ: ಹಾಗಾದ್ರೆ ಸುಲಭ. ಸಂಯೋಜಕಿ ಸಂಬಳ, ಸ್ಕೂಟಿ, ಆಡಿಟ್ ಫೀಸು ಒಂದು ಪಟ್ಟಿ. ಓವರ್‌ಹೆಡ್ ಬಗ್ಗೆ ತಲೆ ಕೆಡಿಸ್ಕೊಳ್ಳದ ನಾಲ್ಕೈದು ಜನ ಅದಕ್ಕೆ ಕೊಡೋಣ, ಲಿಖಿತವಾಗಿ ‘ಆಡಳಿತಕ್ಕೆ’ ಅಂತಲೇ. ಮೇಷ್ಟ್ರ ಪಾರ್ಟಿ ದುಡ್ಡು ಪೂರ್ತಿ ಕಣ್ಣಿಗೆ ಹಾಕೋ ಮಸೂರಕ್ಕೆ.

ಮೇಷ್ಟ್ರು, ರಿಪ್ಪನ್‌ಪೇಟೆ: ಒಂದು ಜೇಬಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗಾಯ್ತು. ನನಗೆ ಅರ್ಥ ಆಗಲ್ಲ ಅಂದ್ಕೊಂಡ್ರಾ? ಇರ್ಲಿ, ಒಪ್ಪಿದೆ. ಬಾಡಿಗೆ ಷೆಡ್ಯೂಲ್ ಬಂದ ಕೂಡಲೇ ಗ್ರೂಪಿಗೆ ಹಾಕಿ, ಕಟ್ಟಡ ಯಾರದ್ದು ಅಂತ ನಾನು ನೋಡ್ಬೇಕು.

ಅಡ್ಮಿನ್: ಮೇಲ್ ಹೋಯ್ತು. ಫಾರ್ವರ್ಡ್ ಡಿಲೀಟ್ ಮಾಡ್ತಿದ್ದೀನಿ.

ವಿನೋಬನಗರ: ಅಯ್ಯೋ, ನಾನಾಗಲೇ ಮನೆ ಗ್ರೂಪಿಗೆ ಕಳಿಸ್ಬಿಟ್ಟೆ 🙏