ಪ್ರಶ್ನೋತ್ತರ: ಸ್ಟಾಕ್‌ಹೋಮ್‌ನಲ್ಲಿ ಕಡಿಮೆ ಬಜೆಟ್ ಹೋಟೆಲ್, ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಅಶ್ವಿನಿ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸ್ಟಾಕ್‌ಹೋಮ್‌ಗೆ ಬರುವವರು ಹೋಟೆಲ್ ಬಗ್ಗೆ ಕೇಳುತ್ತಲೇ ಇರುತ್ತೀರಿ. ಅಲ್ಲಿನ ಒಂದು ಸಣ್ಣ ಹೋಟೆಲ್‌ನ ರಿಸೆಪ್ಷನ್‌ನಲ್ಲಿ ಹಲವು ವರ್ಷದಿಂದ ಕೆಲಸ ಮಾಡುತ್ತಿರುವ ಅಶ್ವಿನಿ ಅವರು ಇವತ್ತು ಉತ್ತರ ಕೊಡಲು ಒಪ್ಪಿದ್ದಾರೆ. ಡ್ಯೂಟಿ ಮುಗಿಸಿ ಬಂದು ಬರೆಯುತ್ತಾರೆ, ಹಾಗಾಗಿ ಕೇಳಿದ್ದನ್ನೇ ಮತ್ತೆ ಕೇಳಬೇಡಿ. ಅವರ ಹೋಟೆಲ್ ಹೆಸರು ಕೇಳಬೇಡಿ.

ಗೀತಾ: ಮೇಡಂ, ನಾವು ಗಂಡ ಹೆಂಡತಿ ಮತ್ತು 9 ವರ್ಷದ ಮಗ. ಜೂನ್‌ನಲ್ಲಿ ಬರುತ್ತೇವೆ. ಯಾವ ಏರಿಯಾದಲ್ಲಿ ರೂಮ್ ಮಾಡಿದರೆ ಒಳ್ಳೆಯದು? ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಇರಬೇಕಾ?

ಅಶ್ವಿನಿ: ಪಕ್ಕದಲ್ಲೇ ಬೇಕಿಲ್ಲ ಗೀತಾ ಅವರೇ. ಅಲ್ಲಿ ದರ ಜಾಸ್ತಿ. ಅರ್ಲಾಂಡಾ ಏರ್‌ಪೋರ್ಟ್‌ನಿಂದ ಬರುವ ಲೋಕಲ್ ರೈಲು ಓಡೆನ್‌ಪ್ಲಾನ್, ಸ್ಟಾಕ್‌ಹೋಮ್ ಸಿಟಿ, ಸ್ಟಾಕ್‌ಹೋಮ್ ಸೋಡ್ರಾ ಮೂರೂ ಕಡೆ ನಿಲ್ಲುತ್ತದೆ. ಓಡೆನ್‌ಪ್ಲಾನ್ ಹತ್ತಿರ ಅಥವಾ ಸೋಡ್ರಾ ಸ್ಟೇಷನ್ ಇರುವ ಸೋಡರ್‌ಮಾಲ್ಮ್ ಕಡೆ ನೋಡಿ. ಮಗುವನ್ನು ಬುಕಿಂಗ್‌ನಲ್ಲಿ ವಯಸ್ಸು ಸಮೇತ ಹಾಕಿ. ಜೂನ್ ಅಂದರೆ ಮಿಡ್‌ಸಮ್ಮರ್ ಹಬ್ಬ ನೆನಪಿರಲಿ, 19ರಿಂದ 25ರ ನಡುವೆ ಬರುವ ಶುಕ್ರವಾರ. ಅವತ್ತು ಎಷ್ಟೋ ಅಂಗಡಿ, ಊಟದ ಜಾಗ ಮುಚ್ಚಿರುತ್ತವೆ. ಇನ್ನೊಂದು, ಹಳೇ ಕಟ್ಟಡದ ಸಣ್ಣ ಹೋಟೆಲ್‌ಗಳಲ್ಲಿ ಎಸಿ ಇರುವುದು ಕಡಿಮೆ, ರಾತ್ರಿ ಹತ್ತಕ್ಕೂ ಹೊರಗೆ ಬೆಳಕಿರುತ್ತದೆ. ದಪ್ಪ ಪರದೆ ಇದೆಯಾ ಎಂದು ಕೇಳಿ.

ಮಂಜುನಾಥ: ಕ್ಯಾಶ್ ಎಷ್ಟು ತರಬೇಕು ಮೇಡಂ? ಯೂರೋ ನಡೆಯುತ್ತಾ?

ಅಶ್ವಿನಿ: ಯೂರೋ ಅಲ್ಲ, ಸ್ವೀಡನ್‌ನಲ್ಲಿ ಕ್ರೋನಾ. ಅದೂ ನೋಟಿನಲ್ಲಿ ಹೆಚ್ಚು ಕಡಿಮೆ ಬೇಕಾಗುವುದೇ ಇಲ್ಲ. ಎಷ್ಟೋ ಹೋಟೆಲ್, ಅಂಗಡಿ, ಕೆಫೆ ಕ್ಯಾಶ್ ತೆಗೆದುಕೊಳ್ಳುವುದಿಲ್ಲ, ಬಸ್‌ನಲ್ಲೂ ಇಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ತನ್ನಿ, ಎರಡು ಬೇರೆ ಬೇರೆ ಕಾರ್ಡ್ ಇದ್ದರೆ ಒಳ್ಳೆಯದು. ಹೊರಡುವ ಮೊದಲು ಬ್ಯಾಂಕ್ ಆಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಪಿನ್ ನೆನಪಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಕೌಂಟರ್ ಮುಂದೆ ನಿಂತು ಬೆಂಗಳೂರಿನ ಬ್ಯಾಂಕಿಗೆ ಫೋನ್ ಮಾಡುವ ಎಷ್ಟು ಜನರನ್ನು ನೋಡಿದ್ದೇನೋ. ಕಾರ್ಡ್ ಮೇಲೆ ಹೋಟೆಲ್ ಸ್ವಲ್ಪ ಹಣ ಬ್ಲಾಕ್ ಮಾಡಬಹುದು. ಅದು ವಾಪಸ್ ಕಾಣಿಸಿಕೊಳ್ಳಲು ಕೆಲವು ದಿನ ಬೇಕು. ಪೂರ್ತಿ ದುಡ್ಡು ಒಂದೇ ಫಾರೆಕ್ಸ್ ಕಾರ್ಡ್‌ನಲ್ಲಿ ಇಟ್ಟುಕೊಂಡು ಬರಬೇಡಿ.

ಸಂತೋಷ್: ನಮ್ಮ ಚಿಕ್ಕಪ್ಪನ ಹತ್ತಿರ ಹಳೇ ಸ್ವೀಡನ್ ನೋಟು ಇವೆ, 2012ರಲ್ಲಿ ತಂದಿದ್ದು. ಅದನ್ನೇ ತರಲಾ?

ಅಶ್ವಿನಿ: ಬೇಡ. ಹಳೇ 20, 50, 1000ದ ನೋಟು 2016ರಲ್ಲಿ, ಹಳೇ 100, 500ರ ನೋಟು 2017ರಲ್ಲಿ ರದ್ದಾಗಿವೆ. ಅಂಗಡಿಯಲ್ಲಿ ನಡೆಯಲ್ಲ.

ಪ್ರಸನ್ನ: ಅಶ್ವಿನಿ ಅವರೇ, ನಾನು ಉತ್ತರ ಸ್ವೀಡನ್‌ನ ಉಮಿಯೊದಲ್ಲಿ ಇದ್ದೇನೆ. ಅಪ್ಪನಿಗೆ 71, ಅಮ್ಮನಿಗೆ 68. ಜನವರಿಯಲ್ಲಿ ದಾವಣಗೆರೆಯಿಂದ ಮೊದಲ ಸಲ ಬರುತ್ತಿದ್ದಾರೆ. ಅರ್ಲಾಂಡಾಗೆ ರಾತ್ರಿ 10ಕ್ಕೆ ಇಳಿಯುತ್ತಾರೆ. ನನಗೆ ಶಿಫ್ಟ್ ಇದೆ, ಬರಲು ಆಗಲ್ಲ. ಸಿಟಿಯಲ್ಲಿ ಎರಡು ರಾತ್ರಿಗೆ ಒಂದು ಅಗ್ಗದ ರೂಮ್ ಬುಕ್ ಮಾಡಿದ್ದೇನೆ. ಅಪ್ಪನಿಗೆ ಅಲ್ಲಿನ ಮ್ಯೂಸಿಯಂನಲ್ಲಿರುವ ಹಳೇ ಯುದ್ಧದ ಹಡಗು ವಾಸಾ ನೋಡುವ ಆಸೆ. ಬುಕಿಂಗ್‌ನಲ್ಲಿ ‘ಕಿಟಕಿ ಇಲ್ಲದ ಡಬಲ್ ರೂಮ್, ಬೇಸ್‌ಮೆಂಟ್, ರಿಸೆಪ್ಷನ್ 8ರಿಂದ 20’ ಅಂತಿದೆ. ಅಪ್ಪನಿಗೆ ಮಂಡಿ ನೋವು, ಅಮ್ಮ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಎರಡೇ ರಾತ್ರಿ ಅಲ್ವಾ, ನಡೆಯುತ್ತೆ ಅಂದುಕೊಂಡೆ. ನಿಮ್ಮ ಅಭಿಪ್ರಾಯ?

ನಾಗರಾಜ: ಇನ್ಸುಲಿನ್‌ಗೆ ಚಿಂತೆ ಬೇಡ ಬ್ರದರ್. ಫಾರ್ವರ್ಡ್ ಬಂದಿದೆ ನೋಡಿ: ‘ಯುರೋಪ್ ಚಳಿಗಾಲದಲ್ಲಿ ಫ್ರಿಜ್ ಬೇಡ, ಔಷಧಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕಿಟಕಿ ಹೊರಗೆ ಕಟ್ಟಿ, ಪ್ರಕೃತಿಯೇ ಫ್ರಿಜ್.’ ಎಲ್ಲರಿಗೂ ಕಳಿಸಿ.

ಅಶ್ವಿನಿ: ನಾಗರಾಜ್ ಅವರೇ, ದಯವಿಟ್ಟು ಅದನ್ನು ಅಳಿಸಿ. ಇಲ್ಲಿ ಜನವರಿ ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ, ಎಸೆಯಬೇಕು. ನೋಡಲು ಸರಿಯಾಗಿಯೇ ಕಂಡರೂ ಚುಚ್ಚಿಕೊಂಡರೆ ಸಕ್ಕರೆ ಇಳಿಯದೇ ಹೋಗಬಹುದು. ಇಂಥದ್ದನ್ನು ಓದಿ ನೋಡದೆ ಕಳಿಸುವುದು ತಮಾಷೆ ಅಲ್ಲ.

ಪ್ರಸನ್ನ, ನಿಮ್ಮ ಬುಕಿಂಗ್ ಓದಿ ನನಗೆ ನಿಜವಾಗಿ ಗಾಬರಿ ಆಯಿತು. ಒಂದೊಂದಾಗಿ ಹೇಳುತ್ತೇನೆ.

ರಿಸೆಪ್ಷನ್ ರಾತ್ರಿ 8ಕ್ಕೆ ಮುಚ್ಚುತ್ತದೆ ಅಂದರೆ ಆಮೇಲೆ ಅಲ್ಲಿ ಮನುಷ್ಯರೇ ಇರುವುದಿಲ್ಲ. ಬಾಗಿಲಿಗೆ ಕೋಡ್ ಇರುತ್ತದೆ, ಅದು ನಿಮ್ಮ ಮೇಲ್‌ಗೋ ಫೋನ್‌ಗೋ ಬರುತ್ತದೆ. ನಿಮ್ಮ ತಂದೆ ತಾಯಿ 10ಕ್ಕೆ ಇಳಿದು, ಪಾಸ್‌ಪೋರ್ಟ್ ಸಾಲು, ಬ್ಯಾಗು ಎಲ್ಲ ಮುಗಿಸಿ ಸಿಟಿಗೆ ಬರುವಾಗ ಮಧ್ಯರಾತ್ರಿ ಹತ್ತಿರ ಆಗುತ್ತದೆ. ಭಾರತದ ಸಿಮ್ ಕೆಲಸ ಮಾಡದಿದ್ದರೆ, ಕೋಡ್ ಒಂದಂಕಿ ತಪ್ಪಿದರೆ, ಹಿಮದಲ್ಲಿ ಬಾಗಿಲ ಮುಂದೆ ನಿಲ್ಲಬೇಕು. ಎರಡು ದಿನದ ರೂಮಿಗೆ ಉಳಿಸಿದ ದುಡ್ಡು ಇದಕ್ಕೆ ಸಮ ಅಲ್ಲ.

ಕಿಟಕಿ ಇಲ್ಲದ ರೂಮ್ ಇಲ್ಲಿ ಸಾಮಾನ್ಯ, ಮೋಸ ಏನಿಲ್ಲ. ಬೆಳಗಿನಿಂದ ರಾತ್ರಿವರೆಗೆ ಹೊರಗೆ ಸುತ್ತುವ ಹುಡುಗರಿಗೆ ನಾನೇ ಅದನ್ನು ಹೇಳುತ್ತೇನೆ. ಆದರೆ ಜನವರಿಯಲ್ಲಿ ಬೆಳಗ್ಗೆ ಎಂಟೂವರೆ ಸುಮಾರಿಗೆ ಬೆಳಕು, ಮಧ್ಯಾಹ್ನ ಮೂರೂವರೆಯೊಳಗೆ ಕತ್ತಲು. ಅಷ್ಟು ದೂರದ ಪ್ರಯಾಣ ಮಾಡಿ ನಿದ್ದೆ ಕೆಟ್ಟ ವಯಸ್ಸಾದವರು ಕಿಟಕಿ ಇಲ್ಲದ ರೂಮಿನಲ್ಲಿ ಎದ್ದರೆ ರಾತ್ರಿಯೋ ಹಗಲೋ ಗೊತ್ತಾಗಲ್ಲ. ಬೇಸ್‌ಮೆಂಟ್ ಅಂದಿರಿ, ಲಿಫ್ಟ್ ಅಲ್ಲಿವರೆಗೂ ಹೋಗುತ್ತದಾ ಕೇಳಿದ್ದೀರಾ? ಹಳೇ ಕಟ್ಟಡಗಳಲ್ಲಿ ಲಿಫ್ಟ್ ಇದ್ದರೂ ಅದಕ್ಕೆ ಮುಂಚೆ ಐದಾರು ಮೆಟ್ಟಿಲು ಇರುತ್ತವೆ. ಬ್ಯಾಗ್ ಹಿಡಿದ, ಮಂಡಿ ನೋವಿನ ಮನುಷ್ಯನಿಗೆ ಆ ಐದಾರೇ ಸಾಕು.

ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗೆ. ಲಗೇಜ್‌ಗೆ ಹಾಕಬೇಡಿ. ಬಜೆಟ್ ರೂಮ್‌ನಲ್ಲಿ ಫ್ರಿಜ್ ಸಾಮಾನ್ಯವಾಗಿ ಇರಲ್ಲ. ಸ್ಟಾಫ್ ಇರುವ ಹೋಟೆಲ್‌ನಲ್ಲಿ ಕೇಳಿದರೆ ಅಡುಗೆಮನೆ ಫ್ರಿಜ್‌ನಲ್ಲಿ ಹೆಸರು ಬರೆದು ಇಡುತ್ತೇವೆ, ಆದರೆ ಮೊದಲೇ ಮೇಲ್ ಮಾಡಿ. ಬಳಸುತ್ತಿರುವ ಪೆನ್ ಹೊರಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಅವರನ್ನು ಸಿಟಿಗೆ ಕರೆತರುವುದೇ ಬೇಡ. ಅರ್ಲಾಂಡಾದಲ್ಲಿ ಟರ್ಮಿನಲ್‌ಗಳ ನಡುವಿನ ಸ್ಕೈ ಸಿಟಿಯಲ್ಲೇ ಹೋಟೆಲ್‌ಗಳಿವೆ, ಹೊರಗೆ ಕಾಲಿಡದೆ ನಡೆದು ಹೋಗಬಹುದು. ದರ ಸಿಟಿಯ ಅಗ್ಗದ ರೂಮಿಗಿಂತ ಜಾಸ್ತಿ, ನಿಜ. ಆದರೆ ಎರಡು ರಾತ್ರಿ ಬದಲು ಒಂದು ರಾತ್ರಿ, ಟ್ಯಾಕ್ಸಿ ಖರ್ಚು ಇಲ್ಲ. ಬೆಳಗ್ಗೆ ತಿಂಡಿ ತಿಂದು ಅಲ್ಲೇ ಕೆಳಗೆ ಇಳಿದರೆ ರೈಲ್ವೆ ಸ್ಟೇಷನ್, ಉತ್ತರಕ್ಕೆ ಹೋಗುವ ದೂರದ ರೈಲುಗಳು ಅಲ್ಲೇ ನಿಲ್ಲುತ್ತವೆ. ಟಿಕೆಟ್ ಬುಕ್ ಮಾಡುವಾಗ ‘ಅರ್ಲಾಂಡಾ ಸಿ’ ಅಂತ ಹಾಕಿ. ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂದದ್ದು, ಎಲ್ಲೂ ಹೋಗಲ್ಲ. ವಾಪಸ್ ಹೋಗುವಾಗ ನೀವೇ ಜೊತೆಗೆ ಬಂದು ತೋರಿಸಿ.

ಪ್ರಸನ್ನ: ಇದೆಲ್ಲ ಯೋಚನೆ ಮಾಡಿರಲಿಲ್ಲ. ಕ್ಯಾನ್ಸಲ್ ಆಗುತ್ತಾ ನೋಡಿ ಹೇಳುತ್ತೇನೆ.

ವಿದ್ಯಾ: ಹೋಟೆಲ್ ಯಾಕೆ? ಸ್ಟಾಕ್‌ಹೋಮ್‌ನಲ್ಲಿ ಕನ್ನಡದವರು ಎಷ್ಟು ಜನ ಇದ್ದಾರೆ! ಯಾರಾದರೂ ಒಂದು ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳಲ್ವಾ?

ರೇಖಾ: ವಿದ್ಯಾ ಅವರೇ, ಒಂದೂವರೆ ರೂಮಿನ ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ತಿಂಗಳಿಗೊಬ್ಬರು ‘ಕನ್ನಡದವರು ಅಲ್ವಾ’ ಅಂತ ಬರುತ್ತಾರೆ. ಮಕ್ಕಳಿಗೆ ಸ್ಕೂಲ್ ಇರುತ್ತದೆ, ನಮಗೂ ಕೆಲಸ ಇರುತ್ತದೆ.

ವಿದ್ಯಾ: ವಯಸ್ಸಾದವರ ಬಗ್ಗೆ ಹೇಳಿದ್ದು. ಅತಿಥಿ ಬಂದರೆ ಬಾಗಿಲು ಹಾಕುವುದು ನಮ್ಮ ಪದ್ಧತಿ ಅಲ್ಲ.

ರೇಖಾ: ಬಾಗಿಲು ಹಾಕಿದ್ದೇವೆ ಅಂತ ಯಾರು ಹೇಳಿದರು? ನೀವು ಬೆಂಗಳೂರಲ್ಲಿ ಕೂತು ನಮ್ಮ ಮನೆ ಹಂಚಬೇಡಿ.

ಮಂಜುನಾಥ: ಇಬ್ಬರೂ ಸಮಾಧಾನ. ಮೇಡಂ, ತುಪ್ಪ ತರಬಹುದಾ? ಬ್ರೇಕ್‌ಫಾಸ್ಟ್‌ನಲ್ಲಿ ವೆಜ್ ಸಿಗಲ್ಲ ಅಂತಾರೆ.

ಅಶ್ವಿನಿ: ಸಿಗುತ್ತದೆ. ಬ್ರೆಡ್, ಗಟ್ಟಿ ರೊಟ್ಟಿ, ಚೀಸ್, ಮೊಸರು, ಹಣ್ಣು, ಓಟ್ಸ್ ಗಂಜಿ, ಅದಕ್ಕೆ ಲಿಂಗನ್ ಹಣ್ಣಿನ ಜಾಮ್. ಬುಕಿಂಗ್‌ನಲ್ಲಿ ತಿಂಡಿ ಸೇರಿದೆಯಾ ನೋಡಿ, ಸೇರಿದ್ದರೆ ಹೊಟ್ಟೆ ತುಂಬಾ ತಿಂದು ಹೊರಡಿ. ಹೊರಗೆ ಊಟ ದುಬಾರಿ. ನಲ್ಲಿ ನೀರು ಕುಡಿಯಬಹುದು, ತಣ್ಣೀರಿನ ನಲ್ಲಿಯದು. ಬಾಟಲಿಗೆ ದುಡ್ಡು ಹಾಕಬೇಡಿ. ತುಪ್ಪ, ಪನೀರ್, ಹಾಲಿನ ಪದಾರ್ಥ ಭಾರತದಿಂದ ತರುವಂತಿಲ್ಲ, ಇಡೀ ಯುರೋಪಿಯನ್ ಒಕ್ಕೂಟದ ನಿಯಮ ಅದು. ಕರಿಬೇವೂ ಸರ್ಟಿಫಿಕೇಟ್ ಇಲ್ಲದೆ ಬೇಡ. ಬಾಳೆಹಣ್ಣು, ತೆಂಗಿನಕಾಯಿ ತರಬಹುದು.

ಸಂತೋಷ್: ನಾನು ಪ್ರತಿ ಸಲ ಧಾರವಾಡ ಪೇಡ, ತುಪ್ಪ ಎಲ್ಲ ತಂದಿದ್ದೇನೆ. ಯಾರೂ ಕೇಳಿಲ್ಲ. ಸುಮ್ನೆ ಹೆದರಿಸಬೇಡಿ.

ರೇಖಾ: ಯಾರೂ ಕೇಳಿಲ್ಲ ಅಂದರೆ ನಿಯಮ ಇಲ್ಲ ಅಂತಲ್ಲ ಸಂತೋಷ್.

ಸಂತೋಷ್: ಪೇಡಕ್ಕೆ ಯಾವ ರೋಗ ಇರುತ್ತೆ ಹೇಳಿ?

ರೇಖಾ: ಅದನ್ನು ಕಸ್ಟಮ್ಸ್‌ನವರಿಗೆ ಹೇಳಿ ನೋಡಿ.

ಅಶ್ವಿನಿ: ಪೇಡದ ಬಗ್ಗೆ ಕಸ್ಟಮ್ಸ್ ಅನ್ನೇ ಕೇಳಿ. ತುಪ್ಪದ ಬಗ್ಗೆ ನಾನು ಹೇಳಿದ್ದು ಹೇಳಿದ್ದೇ.

ನಾಗರಾಜ: ಇನ್ನೊಂದು ಉಪಯುಕ್ತ ಫಾರ್ವರ್ಡ್: ‘ಹೋಟೆಲ್ ರೂಮ್‌ನಲ್ಲಿ ಇಂಡಕ್ಷನ್ ಸ್ಟೌನಲ್ಲಿ ಅನ್ನ ಮಾಡುವಾಗ ಸೀಲಿಂಗ್‌ನ ಸ್ಮೋಕ್ ಅಲಾರಂಗೆ ಶವರ್ ಕ್ಯಾಪ್ ಹಾಕಿ. ಇಬ್ಬರ ರೂಮ್‌ನಲ್ಲಿ ನಾಲ್ಕು ಜನ ಇರಬಹುದು, ಒಬ್ಬೊಬ್ಬರಾಗಿ ಒಳಗೆ ಹೋಗಿ.’

ಅಶ್ವಿನಿ: ಎರಡನೇ ಸಲ ನಾಗರಾಜ್ ಅವರೇ. ಇನ್ನು ಮುಂದೆ ನಿಮ್ಮ ಫಾರ್ವರ್ಡ್‌ಗೆ ನಾನು ಉತ್ತರ ಕೊಡಲ್ಲ, ಆದರೆ ಇದನ್ನು ಯಾರಾದರೂ ನಂಬಿಬಿಡುತ್ತಾರೆ ಅಂತ ಬರೆಯುತ್ತಿದ್ದೇನೆ. ಅಲಾರಂ ಮುಚ್ಚುವುದು ಅಂದರೆ ಮಲಗಿರುವ ಪಕ್ಕದ ರೂಮಿನ ಮಗುವಿನ ಜೀವದ ಜೊತೆ ಆಟ. ಎಷ್ಟೋ ಹೋಟೆಲ್‌ಗಳ ಅಲಾರಂ ನೇರ ಅಗ್ನಿಶಾಮಕ ದಳಕ್ಕೆ ಹೋಗುತ್ತದೆ. ಗಾಡಿ ಬರುತ್ತದೆ, ಚಳಿಯಲ್ಲಿ ಎಲ್ಲರನ್ನೂ ರಾತ್ರಿ ಬಟ್ಟೆಯಲ್ಲೇ ಹೊರಗೆ ನಿಲ್ಲಿಸುತ್ತೇವೆ, ಸಾವಿರಾರು ಕ್ರೋನಾ ಬಿಲ್ ಕಾರಣ ಆದವರಿಗೆ ಬರುತ್ತದೆ. ನಾಲ್ಕು ಜನರ ವಿಷಯವೂ ಇದೇ. ಬೆಂಕಿ ಬಿದ್ದಾಗ ನಮ್ಮ ಕೈಯಲ್ಲಿರುವ ಪಟ್ಟಿಯಲ್ಲಿ ಆ ರೂಮಿಗೆ ಇಬ್ಬರು ಅಂತಿದ್ದರೆ, ಇಬ್ಬರು ಹೊರಗೆ ಬಂದ ಮೇಲೆ ಉಳಿದಿಬ್ಬರನ್ನು ಹುಡುಕಿಕೊಂಡು ಯಾರು ಒಳಗೆ ಹೋಗಬೇಕು? ಬಂಕ್ ಬೆಡ್ ಇರುವ ಫ್ಯಾಮಿಲಿ ರೂಮ್ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ. ಅಡುಗೆ ಮಾಡಲೇಬೇಕು ಅಂದರೆ ಹಾಸ್ಟೆಲ್‌ಗಳಲ್ಲಿ ಅತಿಥಿಗಳಿಗೆಂದೇ ಅಡುಗೆಮನೆ ಇರುತ್ತದೆ. ಅಲ್ಲಿ ಹಾಸಿಗೆ ಬಟ್ಟೆ, ಟವೆಲ್‌ಗೆ ಬೇರೆ ದುಡ್ಡು ಇರಬಹುದು, ಮೊದಲೇ ನೋಡಿ.

ನಾಗರಾಜ: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಬೇಕಿರಲಿಲ್ಲ.

ಗೀತಾ: ಸಿಟ್ಟು ಬಂದಿದ್ದು ಸರಿಯೇ ಇದೆ.

ನಾಗರಾಜ: ನಿಮ್ಮನ್ನು ಕೇಳಿಲ್ಲ ಮೇಡಂ.

ಅಡ್ಮಿನ್: ನಾಗರಾಜ್ ಅವರ ಎರಡೂ ಫಾರ್ವರ್ಡ್ ತೆಗೆದಿದ್ದೇನೆ.

ಸಂತೋಷ್: ಹಾಗಾದರೆ ಬಾತ್‌ರೂಮಲ್ಲಿ ಒಂದು ಊದುಬತ್ತಿ?

ಅಶ್ವಿನಿ: ಇಲ್ಲ. ಕರ್ಪೂರವೂ ಇಲ್ಲ.

ಕಿರಣ್: ಮೇಡಂ ಕ್ಯಾಶ್ ಎಷ್ಟು ತರಬೇಕು?

ಅಶ್ವಿನಿ: ಮೇಲೆ ಇದೆ.

ಶೈಲಜಾ: ವೀಸಾಕ್ಕೆ ದುಡ್ಡು ಕಟ್ಟದ ಡಮ್ಮಿ ಬುಕಿಂಗ್ ಕೊಡಬಹುದು ಅಂತ ಏಜೆಂಟ್ ಹೇಳಿದರು. ಸರಿಯಾ?

ಅಶ್ವಿನಿ: ಕ್ಯಾನ್ಸಲ್ ಮಾಡಬಹುದಾದ ನಿಜವಾದ ಬುಕಿಂಗ್ ಬೇರೆ, ಇಲ್ಲದ ಬುಕಿಂಗ್‌ನ ಕಾಗದ ಬೇರೆ. ಎರಡನೆಯದನ್ನು ಮುಟ್ಟಬೇಡಿ. ಅರ್ಜಿಯಲ್ಲಿ ಸುಳ್ಳು ಕಾಗದ ಸಿಕ್ಕರೆ ವೀಸಾ ತಿರಸ್ಕಾರ ಆಗುತ್ತದೆ, ಮುಂದಿನ ಅರ್ಜಿಗೂ ತೊಂದರೆ. ಅದೇ ವೀಸಾದಲ್ಲಿ ಯುರೋಪಿನ ಬೇರೆ ದೇಶಕ್ಕೂ ಹೋಗುವುದಾದರೆ, ಜಾಸ್ತಿ ರಾತ್ರಿ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು, ಹಾಗಾಗಿ ಹೋಟೆಲ್ ದಿನಗಳು ಅದಕ್ಕೆ ತಾಳೆ ಆಗಬೇಕು. ವಿಮೆ ಕನಿಷ್ಠ 30,000 ಯೂರೋದ್ದು.

ಶೈಲಜಾ: ಆದರೆ ಏಜೆಂಟ್ ಎಲ್ಲರಿಗೂ ಹಾಗೇ ಮಾಡುತ್ತಾರಂತೆ.

ರೇಖಾ: ಏಜೆಂಟ್‌ಗೆ ಏನು, ರಿಜೆಕ್ಟ್ ಆಗುವುದು ನಿಮ್ಮ ಪಾಸ್‌ಪೋರ್ಟ್‌ಗೆ.

ವಿದ್ಯಾ: ರೇಖಾ ಅವರು ಎಲ್ಲದಕ್ಕೂ ಉತ್ತರ ಕೊಡುತ್ತಾರೆ, ಅಶ್ವಿನಿ ಅವರು ಯಾಕೆ ಬೇಕು?

ಮಂಜುನಾಥ: ಕೋಪನ್‌ಹೇಗನ್ ಅಗ್ಗವಾ, ಓಸ್ಲೋ ಅಗ್ಗವಾ?

ಕಿರಣ್: ಟಾಯ್ಲೆಟ್‌ನಲ್ಲಿ ಜೆಟ್ ಇರುತ್ತಾ?

ಅಶ್ವಿನಿ: ಸಾಮಾನ್ಯವಾಗಿ ಇರಲ್ಲ. ಖಾಲಿ ಬಾಟಲಿ ಇಟ್ಟುಕೊಳ್ಳಿ. ಸ್ನಾನ ಆದ ಮೇಲೆ ಅಲ್ಲಿರುವ ರಬ್ಬರ್ ಕಡ್ಡಿಯಿಂದ ನೀರನ್ನು ಮೋರಿ ಕಡೆ ತಳ್ಳಿ, ಇಲ್ಲದಿದ್ದರೆ ರೂಮಿನ ನೆಲಕ್ಕೆ ಬರುತ್ತದೆ.

ಗೀತಾ: ಏರ್‌ಪೋರ್ಟ್‌ನಿಂದ ಟ್ಯಾಕ್ಸಿ ಸೇಫಾ ಮೇಡಂ?

ಅಶ್ವಿನಿ: ಸೇಫ್, ಆದರೆ ದರ ನೋಡಿ ಹತ್ತಿ. 1990ರಿಂದ ಇಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಕಟ್ಟುಪಾಡು ಇಲ್ಲ, ಒಬ್ಬರು ಮೂರು ಪಟ್ಟು ಕೇಳಿದರೂ ಅದು ಕಾನೂನು ಪ್ರಕಾರವೇ ಇರಬಹುದು. ಕಿಟಕಿಯ ಹಳದಿ ಸ್ಟಿಕರ್‌ನಲ್ಲಿ ಹೋಲಿಕೆ ದರ ಬರೆದಿರುತ್ತದೆ. ‘ಫಿಕ್ಸ್ಡ್ ಪ್ರೈಸ್ ಎಷ್ಟು’ ಅಂತ ಮೊದಲೇ ಕೇಳಿ. ದುಡ್ಡು ಉಳಿಸಬೇಕು ಅಂದರೆ 583 ಬಸ್ ಹಿಡಿದು ಮೇರ್ಸ್ಟಾ, ಅಲ್ಲಿಂದ ಲೋಕಲ್ ರೈಲು. ಮಾಮೂಲಿ ಟಿಕೆಟ್ 75 ನಿಮಿಷ ನಡೆಯುತ್ತದೆ. ಏರ್‌ಪೋರ್ಟ್ ಒಳಗಿನ ಸ್ಟೇಷನ್‌ನಿಂದ ಹತ್ತಿದರೆ ಹೆಚ್ಚುವರಿ ಶುಲ್ಕ ಇದೆ.

ಪ್ರಸನ್ನ: ಅಶ್ವಿನಿ ಅವರೇ, ಕ್ಯಾನ್ಸಲ್ ಆಯಿತು. ಸ್ಕೈ ಸಿಟಿಯಲ್ಲಿ ಒಂದು ರಾತ್ರಿ ಮಾಡಿದೆ, ಕಿಟಕಿ ಇದೆ, ರಿಸೆಪ್ಷನ್ 24 ಗಂಟೆ. ಮರುದಿನ ಮಧ್ಯಾಹ್ನದ ರೈಲು. ಬೆಳಗ್ಗೆ ಚೆಕ್‌ಔಟ್ ಆದ ಮೇಲೆ ಅವರು ಎಲ್ಲಿ ಕೂರಬೇಕು?

ಅಶ್ವಿನಿ: ಒಳ್ಳೆಯ ಕೆಲಸ ಮಾಡಿದಿರಿ ಪ್ರಸನ್ನ. ಲಾಬಿಯಲ್ಲೇ ಕೂರಲಿ, ಬ್ಯಾಗ್ ಹೋಟೆಲ್‌ನವರೇ ಇಟ್ಟುಕೊಳ್ಳುತ್ತಾರೆ. ಈಗಲೇ ಹೋಟೆಲ್‌ಗೆ ಒಂದು ಮೇಲ್ ಹಾಕಿ: ತಡವಾಗಿ ಬರುತ್ತಾರೆ, ಇನ್ಸುಲಿನ್‌ಗೆ ಫ್ರಿಜ್ ಬೇಕು, ಲಿಫ್ಟ್ ಹತ್ತಿರದ ರೂಮ್ ಬೇಕು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆಯಿರಿ. ಬುಕಿಂಗ್ ಕಾಗದ, ನಿಮ್ಮ ನಂಬರ್, ತುರ್ತು ನಂಬರ್ 112 ಒಂದೇ ಹಾಳೆಯಲ್ಲಿ ಪ್ರಿಂಟ್ ಮಾಡಿ ಅಪ್ಪನ ಜೇಬಿಗೊಂದು, ಅಮ್ಮನ ಬ್ಯಾಗಿಗೊಂದು ಕೊಡಿ. ಉಮಿಯೊದಲ್ಲಿ ಫುಟ್‌ಪಾತ್ ಮೇಲೆ ಐಸ್ ಇರುತ್ತದೆ, ಶೂ ಅಡಿಗೆ ಹಾಕುವ ಮುಳ್ಳಿನ ಪಟ್ಟಿ ಇಬ್ಬರಿಗೂ ತೆಗೆದುಕೊಂಡು ಸ್ಟೇಷನ್‌ಗೆ ಹೋಗಿ, ಪ್ಲಾಟ್‌ಫಾರ್ಮ್‌ನಲ್ಲೇ ಹಾಕಿಸಿ.